ನೀವು ಬೀಗ ಹಾಕಿರುವುದು ಸಾರಕ್ಕೆ, ಸಾರಾಯಿಗಲ್ಲ

ಅಬಕಾರಿ ಇಲಾಖೆಯ ಬೀಗಮುದ್ರೆಯ ಅಧಿಕಾರ ಹೊತ್ತ ಮಾನ್ಯರೇ,

ನನ್ನ ಗಂಡನನ್ನು ಮನೆಗೆ ಕಳಿಸಿಕೊಡಿ. ಪತ್ರದ ವಿಷಯ ಇಷ್ಟೇ. ಉಳಿದದ್ದನ್ನು ಬಿಡುವಾದಾಗ ಓದಿ. ನಿಮ್ಮ ಕಚೇರಿಯಲ್ಲಿ ಬಿಡುವಿಗೇನೂ ಬರವಿಲ್ಲ ಎಂಬುದನ್ನು ಹೊರಗಿನ ಬೆಂಚಿನ ಮೇಲೆ ಕೂತು ಕಣ್ಣಾರೆ ಕಂಡವಳು ನಾನು.

ನಾನು ಹರ್ಷದಾ, ಹುಬ್ಬಳ್ಳಿಯವಳು. ಈ ಬೇಸಿಗೆಯಲ್ಲಿ ಮದುವೆಯಾಗಿ ಮೆಹದಿಪಟ್ಟಣಂಗೆ ಬಂದೆ. ಗಂಡ ಕೇದಾರ ಪಟಾನ್‌ಚೆರುವಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅರಿಶಿನದ ಸಾರ ತೆಗೆಯುವ ಯಂತ್ರ ನಡೆಸುತ್ತಾನೆ. ಹಿರಿಯರಿಗೆ ಬರೆಯುವ ಪತ್ರದಲ್ಲಿ ಗಂಡನಿಗೆ 'ಅವರು' ಎನ್ನಬೇಕಂತೆ. ಎರಡು ಸಲ ಬರೆದು ನೋಡಿದೆ, ಯಾರೋ ಮಾವನವರ ಬಗ್ಗೆ ಬರೆದ ಹಾಗಾಯಿತು, ಹೊಡೆದುಹಾಕಿದೆ. ಅವನು ಎಷ್ಟು ಒಳ್ಳೆಯವನು ಎಂದು ಬರೆಯಲು ನನಗೆ ಭಾಳ ಆಸೆ. ಆದರೆ ಈ ಪತ್ರ ಅಚ್ಚು ಮಾಡುವ ಪತ್ರಿಕೆಯ ಸಂಪಾದಕರು ಒಂದೇ ಪುಟ ಕೊಟ್ಟಿದ್ದಾರೆ.

ಬೇರೆಯವರ ಗಂಡಂದಿರು ಹೊಸ ಹೆಂಡತಿಯನ್ನು ಗೋಲ್ಕೊಂಡಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನ ಗಂಡ ಯಂತ್ರ ನೋಡಲು ಕರೆದುಕೊಂಡು ಹೋದ. ಎರಡಾಳೆತ್ತರದ ಉಕ್ಕಿನ ಕೊಳವಿ. ಅದರಲ್ಲಿ ಅರಿಶಿನದ ಪುಡಿ ತುಂಬಿ, ಬೆಚ್ಚಗಿನ ಸ್ಪಿರಿಟ್ ಹಾಯಿಸುತ್ತಾರೆ. ನಾವು ಚಹಾದ ಕಡೆಯವರಾದರೂ ಫಿಲ್ಟರ್ ಕಾಫಿ ನೋಡಿದ್ದೇವಲ್ಲ, ಹಾಗೇ: ಮೇಲೆ ಪುಡಿ, ಕೆಳಗೆ ಡಿಕಾಕ್ಷನ್. ಆಮೇಲೆ ಇನ್ನೊಂದು ಪಾತ್ರೆಯಲ್ಲಿ ಸ್ಪಿರಿಟನ್ನು ಆವಿಯಾಗಿಸಿ, ತಂಪು ಮಾಡಿ, ಮತ್ತೆ ಹಿಡಿದಿಟ್ಟುಕೊಳ್ಳುತ್ತಾರೆ. ಉಳಿಯುವುದು ಜೇನಿನಂಥ ಕೆಂಪು ಹಳದಿ ಅಂಟು. ಔಷಧಿಗೆ ಬೇಕಾದದ್ದು ಅದು. ಸ್ಪಿರಿಟ್ ಬರುವುದು ಪರವಾನಗಿಯ ಮೇಲೆ, ಅದೂ ಕುಡಿದರೆ ಸಾಯುವಂಥದ್ದು. ಇದೆಲ್ಲ ನಿಮಗೆ ಗೊತ್ತು. ಪರವಾನಗಿಯ ಮೇಲೆ ನಿಮ್ಮದೇ ರುಜು ಇದೆ.

ಹಾಗಾದರೆ ಬೀಗ ಯಾಕೆ ಬಿತ್ತು? ಸಾರ ಇಳಿಯುವ ಪಾತ್ರೆಯ ಮೇಲೆ ಕೇದಾರ ಸೀಮೆಸುಣ್ಣದಿಂದ ಕನ್ನಡದಲ್ಲಿ 'ಸಾರ' ಎಂದು ಬರೆದಿದ್ದ. ಅವನು ಗದಗಿನವನು, ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮ ಲಿಪಿಯೂ ತೆಲುಗಿನ ಲಿಪಿಯೂ ಅಕ್ಕತಂಗಿಯರು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅಕ್ಕತಂಗಿಯರ ನಡುವೆ ಜಗಳವೂ ಇರುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ತಪಾಸಣೆಗೆ ಬಂದ ನಿಮ್ಮ ಸಿಬ್ಬಂದಿ ಅದನ್ನು ಓದಿ, ಸ್ಪಿರಿಟಿನ ವಾಸನೆ ಹಿಡಿದು, ಇದು ಸಾರಾನಾ ಎಂದು ಕೇಳಿದರು. ಕೇದಾರನಿಗೆ ಭಾಳ ಸಂತೋಷವಾಯಿತು. ಊರು ಬಿಟ್ಟು ಬಂದ ಮೇಲೆ ಅವನ ಕೆಲಸದ ಬಗ್ಗೆ ಕುತೂಹಲದಿಂದ ಕೇಳಿದವರು ಅವರೇ ಮೊದಲು. ತನಗೆ ಬರುವಷ್ಟು ತೆಲುಗಿನಲ್ಲಿ ಎದೆಯುಬ್ಬಿಸಿ ಉತ್ತರ ಕೊಟ್ಟ: "ಅವುನು ಸಾರ್. ಚಾಲಾ ಮಂಚಿ ಸಾರ. ಮೊತ್ತಂ ಎಕ್ಸ್‌ಪೋರ್ಟ್."

ಹೌದು ಸಾರ್, ಭಾಳ ಒಳ್ಳೆಯ ಸಾರ, ಎಲ್ಲವೂ ಎಕ್ಸ್‌ಪೋರ್ಟ್. ಇಷ್ಟು ಪ್ರಾಮಾಣಿಕವಾದ ತಪ್ಪೊಪ್ಪಿಗೆ ನಿಮ್ಮ ಇಲಾಖೆಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.

ಅರ್ಥ ನನಗೂ ಆಗಿರಲಿಲ್ಲ. ಪಕ್ಕದ ಮನೆಯ ರೇಣುಕಾ ಅಕ್ಕ, ಮೂಲ ಬೀದರ ಕಡೆಯವರಾದರೂ ಇಲ್ಲೇ ಹುಟ್ಟಿ ಬೆಳೆದವರು, ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯ ಖೋಡಿ, ಇಲ್ಲಿ ಸಾರಾ ಅಂದ್ರ ಸೆರೆ, ಸಾರಾಯಿ. ಸಾರಂ ಅನ್ನಬೇಕಿತ್ತು ನಿನ್ನ ಗಂಡ." ಕೊನೆಗೊಂದು ಸೊನ್ನೆ ಬೇಕಿತ್ತಂತೆ. ಮಾನ್ಯರೇ, ಆ ಸೊನ್ನೆಯ ಕೊರತೆಗೆ ನನ್ನ ಸಂಸಾರವೇ ಸೊನ್ನೆಯಾಗಿ ಕೂತಿದೆ.

ನಿಮ್ಮ ಆದೇಶದ ಚಂದವನ್ನು ಓದುಗರೂ ನೋಡಲಿ. ಯಂತ್ರದೊಳಗೆ ಬೆಂಕಿ ಹಿಡಿಯುವ ದ್ರವ ಇರುವವರೆಗೂ ಹೊಣೆಯುಳ್ಳ ತಂತ್ರಜ್ಞ ಆವರಣ ಬಿಡಕೂಡದು. ದ್ರವ ಖಾಲಿ ಮಾಡಬೇಕಾದರೆ ವಾಲ್ವ್ ತೆರೆಯಬೇಕು. ವಾಲ್ವಿನ ಮೇಲೆ ನಿಮ್ಮ ಅರಗಿನ ಮುದ್ರೆ. ಮುದ್ರೆ ಒಡೆಯಲು ಪ್ರಯೋಗಾಲಯದ ವರದಿ ಬರಬೇಕು. ವರದಿಗೆ ಮಾದರಿ ಬೇಕು, ಮಾದರಿ ತೆಗೆಯಲು ಅದೇ ವಾಲ್ವ್. ಇದನ್ನು ಬರೆದವರು ಯಾರು? ಅವರಿಗೂ ಮನೆ ಇದೆಯೇ? ಕೆಲಸ ಬಲ್ಲ ಇನ್ನೊಬ್ಬ, ರೋಹಿತ, ಬೀಗ ಬಿದ್ದ ವಾರವೇ ಬೇರೆ ಕಾರ್ಖಾನೆ ಸೇರಿದ. ಉಳಿದವನು ನನ್ನ ಗಂಡ. ಅಂದಿನಿಂದ ಅವನ ವಾಸ ಅಲ್ಲೇ, ಸ್ಟೋರ್ ರೂಮಿನಲ್ಲಿ, ಖಾಲಿ ಚೀಲಗಳ ಮೇಲೆ.

ನನ್ನ ವಾಸ ಎರಡು ಕೋಣೆಯ ಮನೆಯಲ್ಲಿ. ಈ ಊರಿನಲ್ಲಿ ನನಗೆ ಗೊತ್ತಿರುವವರು ಇಬ್ಬರು. ರೇಣುಕಾ ಅಕ್ಕನಿಗೆ ಅವರದೇ ಸಂಸಾರವಿದೆ, ಇನ್ನೊಬ್ಬ ನಿಮ್ಮ ವಶದಲ್ಲಿದ್ದಾನೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅಡಿಗೆ ಕಲಿಸಿದವರೆಲ್ಲ ಇಬ್ಬರಿಗೆ ಕಲಿಸಿದ್ದರು. ಕುಕ್ಕರ್ ಕೂಗಿದಾಗ 'ಬಂದೆ' ಅನ್ನುತ್ತೇನೆ, ದಿನದ ಮೊದಲ ಮಾತು ಅದೇ. ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿದರೆ ಎಲ್ಲ ಮಸ್ತ್ ಐತಿ ಅನ್ನುತ್ತೇನೆ. ಹೊಸ ಮದುಮಗಳು ಬೇರೆ ಏನು ಹೇಳಬೇಕು?

ಭಾನುವಾರ ಬಸ್ ಹಿಡಿದು ಪಟಾನ್‌ಚೆರುವಿಗೆ ಹೋಗುತ್ತೇನೆ. ಮುದ್ರೆ ಬಿದ್ದ ಆವರಣದೊಳಗೆ ಹೊರಗಿನವರನ್ನು ಬಿಡುವ ಹಾಗಿಲ್ಲ. ಹೊರಗಿನವಳು ಎಂದರೆ ನಾನು. ಗೇಟಿನ ಸರಳುಗಳ ನಡುವೆ ಡಬ್ಬಿ ದಾಟಿಸುತ್ತೇನೆ. ಹೋದ ವಾರ ಡಬ್ಬಿ ಹಿಡಿದ ಅವನ ಕೈ ನೋಡಿದೆ. ಮದುವೆಯಾದಾಗಿನಿಂದ ಅವನ ಬೆರಳು ಹಳದಿ, ಉಗುರು ಹಳದಿ, ನಮ್ಮ ದಿಂಬಿನ ಚೀಲವೂ ಹಳದಿ. ಇಷ್ಟು ದಿನದಲ್ಲಿ ಕೈ ಬೆಳ್ಳಗಾಗಿಬಿಟ್ಟಿದೆ. ಯಾರೋ ಆಫೀಸಿನವರ ಕೈಯಂತೆ. ನನಗೆ ಅಳು ಬಂತು, ಬಿಸಿಲು ಭಾಳ ಐತಿ ಅಂದೆ. ಅವನು ಹೇಳಿದ, "ನೀ ಹುಬ್ಬಳ್ಳಿಗೆ ಹೋಗಿ ಇರು ಹರ್ಷಿ. ಇದು ಯಾವಾಗ ತೆರೀತೈತೋ ನನಗ ತಿಳೀವಲ್ದು." ಹೋಗುವುದಿಲ್ಲ ಅಂದೆ. ಹೋದರೆ ಭಾನುವಾರ ಗೇಟಿನ ಬಳಿ ಯಾರು ಬರುತ್ತಾರೆ?

ಈಗ ನಿಮ್ಮ ವಿಚಾರ. ಸೋಮವಾರ ನಿಮ್ಮ ಬಾಗಿಲಲ್ಲಿ ಕೂತಿದ್ದೆ. ಗುಮಾಸ್ತರು ನನ್ನನ್ನು ಸಾರಾ ಕೇಸಿನವರ ಸಾಲಿನಲ್ಲಿ ಕೂರಿಸಿದ್ದರು. ಪಕ್ಕದಲ್ಲಿದ್ದ ಹೆಂಗಸು ತಮ್ಮ ಗಂಡನದೂ ಅದೇ ಕೇಸು, ಮೊದಲ ಸಲ ಹಾಗೇ ಸಂಕಟ ಆಗುತ್ತದೆ, ಅಭ್ಯಾಸವಾಗುತ್ತದೆ ಎಂದು ನನ್ನ ಬೆನ್ನು ಸವರಿದರು. ತಿಂಗಳುಗಳ ಮೇಲೆ ಯಾರಾದರೂ ಬೆನ್ನು ಸವರಿದ್ದು, ನಾನು ಬಿಡಿಸಿ ಹೇಳಲಿಲ್ಲ. ನೀವು ನನ್ನ ಇಂಗ್ಲಿಷ್ ಅರ್ಜಿ ತಿರುವಿ ಹಾಕಿ, ಕಡತದಲ್ಲಿ ಸಾರಾ ಎಂದಿದೆ, ಕಡತವೇ ಪ್ರಮಾಣ ಎಂದು ತೆಲುಗಿನಲ್ಲಿ ಹೇಳಿ ಕಳಿಸಿದಿರಿ. ನಾನು ಬಾಗಿಲು ದಾಟುವಾಗ ನಿಮಗೆ ಮನೆಯಿಂದ ಫೋನ್ ಬಂತು. "ಬರಾಕತ್ತೀನಿ. ರೊಟ್ಟಿ ಬಿಸಿ ಇರಲಿ" ಅಂದಿರಿ.

ಅಪ್ಪಟ ನಮ್ಮ ಕಡೆಯ ಕನ್ನಡ. ಅಲ್ಲೇ ನಿಂತುಬಿಟ್ಟೆ. ನಿಮ್ಮ ಸಿಬ್ಬಂದಿಗೆ ಕನ್ನಡ ಬಾರದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಾರ ಎಂದರೆ ಏನು ಎಂಬುದು ಇಡೀ ಕಚೇರಿಯಲ್ಲಿ ನಿಮಗೊಬ್ಬರಿಗೆ ಗೊತ್ತಿತ್ತು. ಗೊತ್ತಿದ್ದೂ ಮುದ್ರೆ ಒತ್ತಿ ರೊಟ್ಟಿ ಬಿಸಿ ಆರುವುದರೊಳಗೆ ಮನೆ ಸೇರಿದಿರಿ. ಅದಕ್ಕೇ ಈ ಪತ್ರ ಕನ್ನಡದಲ್ಲಿದೆ, ಹಿಮಾಯತ್‌ನಗರದ ನಮ್ಮ ಕನ್ನಡದವರ ಮನೆಗಳಿಗೆ ಹೋಗುವ ಪತ್ರಿಕೆಯಲ್ಲಿದೆ. ನಿಮ್ಮ ಮನೆಯವರೂ ಓದಲಿ.

ನನ್ನ ಬೇಡಿಕೆ ಇದು. ಪಟಾನ್‌ಚೆರುವಿಗೆ ನೀವೇ ಬನ್ನಿ. ನಿಮ್ಮ ಸಿಬ್ಬಂದಿಯ ಎದುರು ಆ ಎರಡು ಅಕ್ಷರವನ್ನು ಗಟ್ಟಿಯಾಗಿ ಓದಿ, ಅರ್ಥ ಹೇಳಿ, ವಾಲ್ವಿನ ಮುದ್ರೆ ಒಡೆಯಿರಿ. ಅದು ಆಗದಿದ್ದರೆ ಆದೇಶಕ್ಕೆ ಒಂದು ತಿದ್ದುಪಡಿ ಮಾಡಿ: ಹೊಣೆಯುಳ್ಳ ತಂತ್ರಜ್ಞನ ಜೊತೆಗೆ ಅವನ ಹೆಂಡತಿಯೂ ಆವರಣ ಬಿಡಕೂಡದು. ಹಾಸಿಗೆ ಸುತ್ತಿ ಇಟ್ಟಿದ್ದೇನೆ. ನನ್ನನ್ನೂ ಒಳಗೆ ಬಿಟ್ಟು ಆಮೇಲೆ ಎಷ್ಟು ಬೀಗ ಬೇಕಾದರೂ ಹಾಕಿಕೊಳ್ಳಿ.

ಇಂತಿ,
ಸದ್ಯಕ್ಕೆ ಗೇಟಿನ ಈಚೆಯವಳು,
ಹರ್ಷದಾ
ಮೆಹದಿಪಟ್ಟಣಂ