ಸಾಹೇಬ ಕೈ ತೊಳೆದು ಬಂದ

ಜುರಾಂಗ್ ಈಸ್ಟ್, ಸಿಂಗಪುರ
೧೪ ಮಾರ್ಚ್ ೨೦೦೭

ಪ್ರೀತಿಯ ಅಕ್ಕನಿಗೆ ತಂಗಿ ಗುರುಸಿದ್ದವ್ವನ ಶರಣು.

ನನ್ನ ಅಕ್ಷರ ಸೊಟ್ಟಗಿದ್ದರೂ ನೀನೇ ಕೂಡಿಸಿಕೊಂಡು ಓದು, ಬೇರೆಯವರಿಂದ ಓದಿಸಬೇಡ. ಮಗಳು ಅಕ್ಷತಾ ಆರಾಮ ಇದ್ದಾಳೆ, ದಿನ ತುಂಬಿವೆ. ನನಗೆ ಅವಳಿಗಿಂತ, ಈ ದೇಶದಲ್ಲಿ ಇರಲು ಕೊಟ್ಟ ನನ್ನ ಪಾಸಿನ ಚಿಂತೆ ಹತ್ತಿತ್ತು. ಹೆರಿಗೆಗೆ ಮೊದಲೇ ಅದು ಮುಗಿಯುತ್ತಿತ್ತು. ಸೇತುವೆ ದಾಟಿ ಮಲೇಶಿಯಾದಲ್ಲಿ ಊಟ ಮಾಡಿ ಬಂದರೆ ಹೊಸ ಪಾಸು ಒತ್ತುತ್ತಾರೆ, "ಎಲ್ಲಾರೂ ಮಾಡ್ತಾರ್ರೀ ಅತ್ತಿ" ಎಂದು ಅಳಿಯ ಬಸವಕಿರಣ ಹೇಳಿದ. ನಂಬಿ ಅವನ ಜೊತೆ ಹೋದೆ.

ತಿರುಗಿ ಬರುವಾಗ ಸಿಂಗಪುರದ ಗಡಿ ಚೌಕಿಯ ತಪಾಸಣೆ ಯಂತ್ರ ಕೂಗಿಕೊಂಡಿತು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತಲ್ಲ, ಅದಕ್ಕೆ. ಅಲ್ಲಿದ್ದ ಸಾಹೇಬ ವಯಸ್ಸಾದ ಮಲಯ ಮನುಷ್ಯ. ಬಿಚ್ಚಿ ತಟ್ಟೆಗೆ ಹಾಕಿ ಎಂದ. ಬೆಲ್ಟು ಚಪ್ಪಲಿ ಹೋಗುವ ತಟ್ಟೆಗೆ ಲಿಂಗ ಹಾಕಲೇನು? ಒಲ್ಲೆ ಅಂದೆ. ಹಿಂದಿನ ಸಾಲು ಗೊಣಗಿತು. ನನ್ನನ್ನು ಒಳಗೆ ಬಿಡದಿದ್ದರೆ ಮಗಳ ಬಾಣಂತನ ಯಾರು ಮಾಡಬೇಕು ಎಂದು ಅಂಜಿದೆ.

ಪಕ್ಕದ ಕೋಣೆಗೆ ಕರೆದೊಯ್ದ. ಗದರಿಸುತ್ತಾನೆ ಅಂದುಕೊಂಡರೆ ಅಳಿಯನ ಮುಂದೆ ತನ್ನ ಗೋಳನ್ನೇ ತೋಡಿಕೊಂಡ. ಮೇಲಿನವರು ಇವತ್ತು ಎಲ್ಲ ಬಿಚ್ಚಿಸು ಅಂತಾರಂತೆ, ನಾಳೆ ಸಾಲು ಯಾಕೆ ಬೆಳೆಯಿತು ಅಂತಾರಂತೆ. ಕಟ್ಟಡಕ್ಕೆ, ಕಾರ್ಖಾನೆಗೆ ಜನ ಬೇಕೆಂದು ಕರೆಸುವವರೂ ಅವರೇ, ಇಷ್ಟು ಜನರನ್ನು ಯಾಕೆ ಬಿಟ್ಟೆ ಎಂದು ಕೇಳುವವರೂ ಅವರೇ.

"ರೂಲ್ ಬರೆದವರು ಇಲ್ಲಿ ಒಂದಿನಾನೂ ನಿಂತಿಲ್ಲಂತ್ರೀ. ನಿಮ್ಮಂಥ ಆಂಟಿ ಬಂದ್ರ ಏನ್ ಮಾಡ್ಬೇಕಂತ ಅದ್ರಾಗ ಇಲ್ಲಂತ" ಎಂದು ಅಳಿಯ ತಿಳಿಸಿ ಹೇಳಿದ.

ಅಂಜಿಕೆಯಲ್ಲೂ ನನಗೊಂದು ಕುತೂಹಲ ನೋಡು. ದಿನಾ ಅಷ್ಟು ಮುಖ ನೋಡುವವನಿಗೆ ಕಳ್ಳ ಯಾರು, ತಾಯಿ ಯಾರು ಹೇಗೆ ತಿಳಿಯುತ್ತದೆ? ಅಳಿಯನಿಂದ ಕೇಳಿಸಿಯೇ ಬಿಟ್ಟೆ. ಸಾಹೇಬ ನಕ್ಕುಬಿಟ್ಟ. ತಿಳಿಯುವುದಿಲ್ಲ, ಅದಕ್ಕೇ ಎಲ್ಲರದೂ ನೋಡುವುದು ಎಂದ. ಮಲೇಶಿಯಾಕ್ಕೆ ಯಾಕೆ ಹೋಗಿದ್ದಿರಿ ಎಂದು ಕೇಳಿದ. ಅಳಿಯ ಶಾಪಿಂಗ್ ಅಂದ. ನಮ್ಮ ಕೈಲಿ ಒಂದು ಚೀಲವೂ ಇರಲಿಲ್ಲ. ನಾನು ಹೊಟ್ಟೆಯ ಮುಂದೆ ಕೈ ಅಗಲಿಸಿ ಬಸುರಿ ಮಗಳನ್ನು ತೋರಿಸಿದೆ. ಅವನಿಗೆ ಎಲ್ಲ ತಿಳಿಯಿತು. ಈ ಊಟದ ಆಟ ಅವನು ದಿನಾ ನೋಡುವುದೇ ಅಂತೆ.

ಕಡೆಗೆ ಲಿಂಗವನ್ನು ಪೂಜೆಯಲ್ಲಿ ಹಿಡಿದ ಹಾಗೆ ನನ್ನ ಎಡಗೈಯಲ್ಲಿ ಇಟ್ಟುಕೊಂಡು ತೋರಿಸಿದೆ. ಬಾಗಿ ನೋಡಿದ. ಕೆಲವೇ ದಿನದ ಪಾಸು ಒತ್ತಿಸಿಕೊಟ್ಟು, ಡಾಕ್ಟರ ಚೀಟಿ ಇಟ್ಟು, ದಿನ ಹೆಚ್ಚಿಸಿಕೊಡಿ ಎಂದು ನೇರವಾಗಿ ಅರ್ಜಿ ಹಾಕಿ ಎಂದ. ಇವತ್ತು ಹಾಕಿದ್ದೇವೆ. ಉತ್ತರ ಬರುವ ತನಕ ನನಗೆ ಅನ್ನ ಸೇರದು.

ನಿನ್ನ ತಂಗಿ
ಗುರುಸಿದ್ದವ್ವ

ತಾ.ಕ.: ನನ್ನ ಕೈಯಲ್ಲಿ ಇಟ್ಟುಕೊಂಡೆ ಎಂದು ಬರೆದದ್ದು ಸುಳ್ಳು. ನಿನಗೆ ಹಾಗೇ ಬರೆಯುತ್ತೇನೆ ಎಂದು ಅಳಿಯನಿಗೂ ಹೇಳಿದ್ದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಲಿಂಗ ನೆಲಕ್ಕೆ ಬೀಳುವುದರಲ್ಲಿತ್ತು. ಸಾಹೇಬ ಮೂಲೆಯ ನಲ್ಲಿಯಲ್ಲಿ ಕೈ ತೊಳೆದು ಬಂದು ಅಂಗೈ ಒಡ್ಡಿದ. ನಾನೇ ಇಟ್ಟೆ. ಲಿಂಗವನ್ನು ಬೇರೆಯವರ ಕೈಗೆ ಕೊಟ್ಟದ್ದನ್ನು ಮಠದ ಸ್ವಾಮಿಗಳಿಗೆ ಹೇಳಬೇಕೋ ಬೇಡವೋ ಆಮೇಲೆ ನೋಡೋಣ. ಮೊದಲು ಇದನ್ನು ಹೇಳು ಅಕ್ಕ, ಅದು ಅವನ ಕೈಯಲ್ಲಿದ್ದಾಗ ನನ್ನ ನಡುಕ ಯಾಕೆ ನಿಂತಿತು?