ನುಂಗಿದ ವಾಕ್ಯ

ಮಾರ್ಚ್ 3, ಸೋಮವಾರ

ಬಸ್ಸಿನಲ್ಲಿ ಮತ್ತೆ ಅದೇ ಬಾಯಿಪಾಠ. “ನೀವು ಹೇಳಿದ್ದು ನನ್ನಲ್ಲೇ ಇರುತ್ತೆ. ಯಾರ ಜೀವಕ್ಕಾದರೂ ಅಪಾಯ ಇದ್ರೆ ಮಾತ್ರ ಮೇಲಿನವರಿಗೆ ಹೇಳಲೇಬೇಕಾಗುತ್ತೆ.” ಗುರುಗಳ ಆಜ್ಞೆ — ಪ್ರತಿ ಇಂಟರ್‌ವ್ಯೂಗೂ ಮುಂಚೆ ಈ ಎರಡು ವಾಕ್ಯ, ಒಂದಕ್ಷರ ಬಿಡದೆ. ಪಕ್ಕದ ಸೀಟಿನ ಹೆಂಗಸು ನನ್ನ ತುಟಿ ಆಡುವುದನ್ನು ನೋಡಿ ಸ್ವಲ್ಪ ಆಚೆ ಸರಿದಳು.

ಗುರುಗಳು ಅಂದರೆ ನಮ್ಮ ಕನ್ಸಲ್ಟಿಂಗ್ ಆಫೀಸಿನ ಯಜಮಾನರು. ಮುಖದ ಮುಂದೆ ‘ಸರ್’, ಇಲ್ಲಿ ಗುರುಗಳು. ನನಗಿಂತ ಚಿಕ್ಕವರು, ಅದೇ ತಮಾಷೆ. ಕಾಲೇಜಿನಲ್ಲಿ ಅಷ್ಟು ವರ್ಷ ಸೈಕಾಲಜಿ ಪಾಠ ಮಾಡಿದೆ, ವಿಭಾಗವನ್ನೇ ಮುಚ್ಚಿದರು. ಈಗ ಈ ವಯಸ್ಸಿನಲ್ಲಿ ಟ್ರೈನಿ. ಆರು ತಿಂಗಳು ನೋಡುತ್ತಾರಂತೆ, ಆಮೇಲೆ ಇಟ್ಟುಕೊಳ್ಳುವ ಮಾತು.

ಮೊದಲ ಕೆಲಸ — ಆಸ್ಪತ್ರೆಗಳ, ಹೋಟೆಲುಗಳ ಚಾದರ ಒಗೆಯುವ ದೊಡ್ಡ ಲಾಂಡ್ರಿ. ಜನ ನಿಲ್ಲುತ್ತಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಗೋಡೆ ನೋಡುತ್ತಾ ಕೂರುತ್ತಾರಂತೆ. ಯಾಕೆ ಅಂತ ನಾವು ಕಂಡುಹಿಡಿದು ಮಾಲೀಕರಿಗೆ ಹೇಳಬೇಕು.

ಇವತ್ತು ಮೂವರ ಜೊತೆ ಮಾತಾಡಿದೆ. ಮೊದಲ ವಾಕ್ಯಕ್ಕೆ ಮುಖ ಅರಳುತ್ತದೆ. ಎರಡನೆಯದು ಕಿವಿಗೆ ಬಿದ್ದ ಕೂಡಲೇ ಬಾಯಿಗೆ ಬೀಗ. ಆಮೇಲೆ ಎಷ್ಟು ಕೆದಕಿದರೂ “ಎಲ್ಲ ಚೆನ್ನಾಗಿದೆ ಮೇಡಂ.” ಸಂಜೆ ಗುರುಗಳು ನನ್ನ ಟಿಪ್ಪಣಿ ತಿರುವಿ, ಇದರಲ್ಲಿ ಏನೂ ಇಲ್ಲವಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಳುಹಿಸಿಬಿಡುತ್ತಾರೆ ಅನ್ನುವ ಹೆದರಿಕೆ ಮನೆಯವರೆಗೂ ಬೆನ್ನು ಬಿಡಲಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಎರಡನೇ ವಾಕ್ಯ ನುಂಗಿಬಿಟ್ಟೆ.

ಬೇಕೆಂದೇ? ಹೌದು, ಬೇಕೆಂದೇ. ನಾಲಿಗೆಯ ತುದಿಗೆ ಬಂದಿತ್ತು. ಎದುರಿಗಿದ್ದ ಪ್ಯಾಕಿಂಗ್ ಹುಡುಗಿಯ ಮುಖ ಆಗಷ್ಟೇ ಅರಳಿತ್ತು, ಅದನ್ನು ಬಾಡಿಸಲು ಮನಸ್ಸಾಗಲಿಲ್ಲ. “ನನ್ನಲ್ಲೇ ಇರುತ್ತೆ” ಎಂದು ನಿಲ್ಲಿಸಿದೆ. ಏನು ಮಾತಾಡಿದಳು! ಮಧ್ಯಾಹ್ನದ ಇಬ್ಬರಿಗೂ ಹಾಗೆಯೇ ಮಾಡಿದೆ. ಚಾದರ ಒಗೆಯುವ ಜಾಗದಲ್ಲಿ ಯಾರ ಪ್ರಾಣಕ್ಕೇನು ಅಪಾಯ ಬರುತ್ತದೆ ಅಂದುಕೊಂಡೆ.

ಗುರುಗಳು ನೀರಿನ ಉಪಾಯ ಹೇಳಿಕೊಟ್ಟಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಲೋಟ ಎತ್ತಿಕೊಂಡು ನಿಧಾನ ನೀರು ಕುಡಿಯಬೇಕು. ಆ ಮೌನ ಎದುರಿನವರಿಗೆ ತಡೆಯಲಾಗದು, ತಾವೇ ತುಂಬುತ್ತಾರೆ. ಕುಡಿದು ಕುಡಿದು ಹೊಟ್ಟೆ ಕೊಡವಾಗಿದೆ. ಆದರೆ ಕೆಲಸ ಮಾಡುತ್ತದೆ.

ಟಿಪ್ಪಣಿ ನೋಡಿ ಗುರುಗಳು, “ಭೇಷ್, ಕೈ ಕುದುರ್ತಾ ಇದೆ” ಎಂದರು. ಅತ್ತೆಗೆ ಹೇಳಿದೆ. ಅವರು ಮೊದಲೇ ಬೀದಿಗೆಲ್ಲ “ನಮ್ಮ ಸೊಸೆ ಕಂಪನಿಗಳಿಗೆ ಡಾಕ್ಟರು” ಎಂದು ಸಾರಿಬಿಟ್ಟಿದ್ದಾರೆ. “ಹಾಗಾದ್ರೆ ನಿನ್ನ ಕಂಪನಿಗೆ ಜ್ವರ ಇಳೀತು ಅನ್ನು” ಎಂದು ನಕ್ಕರು. ನಾನೂ ನಕ್ಕೆ.

ಮಾರ್ಚ್ 6, ಗುರುವಾರ — ಊಟದ ಹೊತ್ತು

ಡಬ್ಬಿ ತೆರೆದಿಟ್ಟು ಕೂತಿದ್ದೇನೆ. ತಿನ್ನುವ ಬದಲು ಬರೆಯುತ್ತಿದ್ದೇನೆ.

ಇಸ್ತ್ರಿ ವಿಭಾಗದ ಸೂಪರ್‌ವೈಸರ್ ಬಂದಿದ್ದರು. ಎಲ್ಲರೂ ಅವರನ್ನು ನಗೆಮುಖ ಅನ್ನುತ್ತಾರೆ, ಬೈಯುವಾಗಲೂ ನಗುತ್ತಾರೆ ಅಂತ. ಕೆಲಸದಲ್ಲಿ ನಿದ್ದೆಗೆಡಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದೆ. ನೀರು ಕುಡಿದೆ. ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ತುಂಬಿಕೊಂಡವು.

“ನಿಮ್ಮಲ್ಲೇ ಇರುತ್ತೆ ಅಲ್ವಾ ಮೇಡಂ?”

“ನನ್ನಲ್ಲೇ ಇರುತ್ತೆ.”

“ಒಂದನೇ ರೋಲರ್‌ನ ಪಟ್ಟಿ ನಾನೇ ಕಟ್ಟಿಹಾಕಿದ್ದೀನಿ. ಬಟ್ಟೆ ಸುತ್ತಿ. ಅದೀಗ ನಿಲ್ಲಲ್ಲ. ಕೈ ಒಳಗೆ ಹೋದ್ರೂ ನಿಲ್ಲಲ್ಲ.”

ಒದ್ದೆ ಚಾದರದ ಅಂಚು ಹಿಡಿದು ಬಿಸಿ ಉರುಳೆಗಳ ನಡುವೆ ಕೊಡುವ ಮೆಷಿನ್ ಅದು, ಹಗಲು ರಾತ್ರಿ ಓಡುವಂಥದ್ದು. ಬಾಯಿಯ ಮುಂದೆ ಒಂದು ಕೆಂಪು ಅಡ್ಡಪಟ್ಟಿ. ಬೆರಳು ತಾಗಿದರೆ ಸಾಕು, ಗಕ್ಕನೆ ನಿಲ್ಲಬೇಕು. ಆದರೆ ಚಾದರದ ಮಡಿಕೆ ತಾಗಿದರೂ ನಿಲ್ಲುತ್ತಿತ್ತಂತೆ. ನಿಂತಾಗಲೆಲ್ಲ ಮಾಲೀಕರ ಮೊಬೈಲಿಗೆ ತಾನಾಗಿ ಮೆಸೇಜ್. ಮರುಕ್ಷಣ ಫೋನ್ — ಯಾಕೆ ನಿಂತಿತು, ಯಾರ ತಪ್ಪು. ರಾತ್ರಿ ಯಾವ ಫೋನ್ ಸದ್ದಾದರೂ ಎದ್ದು ಕೂರುವಷ್ಟು ಆಯಿತಂತೆ. ಒಂದು ದಿನ ಕಟ್ಟಿಬಿಟ್ಟರು. ಅವತ್ತಿನಿಂದ ಫೋನ್ ಇಲ್ಲ. ಮಾಲೀಕರು ಬೆನ್ನು ತಟ್ಟಿದರಂತೆ.

“ಹೇಳಿದ ಮೇಲೆ ಹಗುರ ಆಯ್ತು” ಎಂದು ಎದ್ದು ಹೋದರು. ಅವರ ಭಾರ ಈಗ ನನ್ನ ಎದೆಯ ಮೇಲೆ ಕೂತಿದೆ.

ಅದೇ ದಿನ, ಸಂಜೆ

ಗುರುಗಳಿಗೆ ಹೇಳಬೇಕು. ಹೇಳಿದರೆ ಮೊದಲ ಪ್ರಶ್ನೆ — ಎರಡನೇ ವಾಕ್ಯ ಹೇಳಿದ್ದಿರಾ? ಹೇಳಿದ್ದರೆ ನಗೆಮುಖ ಬಾಯಿ ಬಿಡುತ್ತಿರಲಿಲ್ಲ, ಅಥವಾ ಗೊತ್ತಿದ್ದೇ ಬಿಡುತ್ತಿದ್ದರು. ಹೇಳಿಲ್ಲ. ಆ ಮನುಷ್ಯನಿಗೆ ನಾನು ಕೊಟ್ಟದ್ದು ಷರತ್ತಿಲ್ಲದ ಮಾತು. ಈಗ ಮುರಿದರೆ ಅವರ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಇನ್ನು ಮುಂದೆ ಆ ಲಾಂಡ್ರಿಯಲ್ಲಿ ಒಂದು ನರಪಿಳ್ಳೆಯೂ ನಮ್ಮ ಜೊತೆ ಮಾತಾಡುವುದಿಲ್ಲ. ಸುಮ್ಮನಿದ್ದರೆ...

ಗುರುಗಳ ಬಾಗಿಲವರೆಗೆ ಹೋದೆ. ಪೆನ್ ಮರೆತಿದ್ದೆ ಎಂದು ಹೇಳಿ ವಾಪಸ್ ಬಂದೆ. ಪೆನ್ ಕೈಯಲ್ಲೇ ಇತ್ತು.

ಮಾರ್ಚ್ 11, ಮಂಗಳವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯಲು ಕೂತರೆ ಕೈ ನೋಡಿಕೊಳ್ಳುತ್ತೇನೆ. ಬೆರಳು ಮಡಿಚಿ ಬಿಡಿಸಿ. ಅತ್ತೆ ವಾತವೇ ಎಂದು ಕೇಳಿದರು.

ಇವತ್ತು ನೆಪ ಮಾಡಿಕೊಂಡು ಇಸ್ತ್ರಿ ವಿಭಾಗಕ್ಕೆ ಹೋದೆ. ಹಬೆ, ಸೋಪಿನ ವಾಸನೆ, ಕಿವಿ ಗುಂಯ್ ಅನ್ನುವ ಸದ್ದು. ಒಂದನೇ ರೋಲರ್‌ನ ಪಟ್ಟಿಗೆ ಹಸಿರು ಬಟ್ಟೆ ಬಿಗಿಯಾಗಿ ಸುತ್ತಿದೆ. ಯಾರ ಕಣ್ಣಿಗೂ ಬೀಳದಂಥದ್ದಲ್ಲ. ಎಲ್ಲರಿಗೂ ಗೊತ್ತು. ಚಾದರ ಕೊಡುತ್ತಿದ್ದವಳನ್ನು ರೋಲರ್ ಅಕ್ಕ ಅನ್ನುತ್ತಾರೆ, ದಪ್ಪ ಜಡೆಯ ಗಟ್ಟಿಗಿತ್ತಿ. ಎರಡನೇ ರೋಲರಿನಲ್ಲಿ ಅವಳ ಸ್ವಂತ ತಂಗಿ. ಆ ಮೆಷಿನ್ ಹಳೆಯದು, ನಿಧಾನದ್ದು, ಅಷ್ಟಾಗಿ ನಿಲ್ಲುವುದಿಲ್ಲ; ಅದರ ಪಟ್ಟಿಗೆ ಯಾರೂ ಬಟ್ಟೆ ಕಟ್ಟಿಲ್ಲ. ಅಕ್ಕನ ಬೆರಳುಗಳು ಉರುಳೆಯ ಹತ್ತಿರ ಹೋಗುತ್ತವೆ, ಬರುತ್ತವೆ, ಹೋಗುತ್ತವೆ. ನಾನು ಹಸಿರು ಬಟ್ಟೆ ನೋಡಿದ್ದನ್ನು ಅವಳು ನೋಡಿದಳು. ಮುಂದಿನ ಚಾದರ ಎತ್ತಿಕೊಂಡಳು.

ಸಂಜೆ ಕೆಲಸಗಾರರ ಜೊತೆ ನನ್ನ ಮೊದಲ ವರ್ಕ್‌ಶಾಪ್. ಬೋರ್ಡಿನ ಮೇಲೆ ‘ಭಯ ಬಿಟ್ಟು ಮಾತಾಡೋಣ’ ಎಂದು ದೊಡ್ಡದಾಗಿ ಬರೆದೆ. ಸುರಕ್ಷಿತ ಅನ್ನಿಸುವ ಕಡೆ ಮಾತ್ರ ಜನ ತಪ್ಪು ಒಪ್ಪಿಕೊಳ್ಳುತ್ತಾರೆ, ತಪ್ಪು ಒಪ್ಪಿಕೊಳ್ಳುವ ಕಡೆ ಅನಾಹುತ ಕಡಿಮೆ ಎಂದೆಲ್ಲ ಹೇಳಿದೆ. ಒಂದೊಂದು ಮಾತೂ ನಿಜ. ಇಲ್ಲಿ ಏನು ಬದಲಾಗಬೇಕು ಎಂದು ಕೇಳಿ ನೀರು ಕುಡಿದೆ. ಯಾರೂ ತುಂಬಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಲೋಟ ಖಾಲಿಯಾಯಿತು. ಖಾಲಿ ಲೋಟವನ್ನೇ ಇನ್ನೂ ಸ್ವಲ್ಪ ಹೊತ್ತು ಕುಡಿದೆ.

ಮಾರ್ಚ್ 13, ಗುರುವಾರ

ದಾರಿ ಸಿಕ್ಕಿತು. ಮಾತೂ ಮುರಿಯಬೇಕಿಲ್ಲ, ಯಾರ ಕೆಲಸವೂ ಹೋಗಬೇಕಿಲ್ಲ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ನಗೆಮುಖ ಮೆಟ್ಟಿಲ ಹತ್ತಿರ ಸಿಕ್ಕರು. ಈಚೆಗೆ ನನ್ನನ್ನು ಕಂಡರೆ ಕಣ್ಣು ತಪ್ಪಿಸುತ್ತಾರೆ. ಪಕ್ಕಕ್ಕೆ ಕರೆದು ಹೇಳಿದೆ — “ನೀವೇ ಬಿಚ್ಚಿಬಿಡಿ. ಯಾರಿಗೂ ಗೊತ್ತಾಗದ ಹಾಗೆ. ಅಲ್ಲಿಗೆ ಮುಗೀತು.” ಬಿಚ್ಚಿದ ಮೇಲೆ ಮತ್ತೆ ಫೋನ್ ಶುರುವಾಗುತ್ತದಲ್ಲ ಎಂದರು. ಆ ಫೋನಿನ ವಿಷಯವನ್ನು ರಿಪೋರ್ಟಿನಲ್ಲಿ ಬರೆಯುತ್ತೇನೆ, ಮಾಲೀಕರಿಗೆ ನಾನೇ ಬಿಡಿಸಿ ಹೇಳುತ್ತೇನೆ ಎಂದು ಧೈರ್ಯ ತುಂಬಿದೆ. ನಾಳೆ ಬಿಚ್ಚುತ್ತೇನೆ ಎಂದರು.

ಇವತ್ತು ಊಟ ರುಚಿಸಿತು. ನಮ್ಮನೆಯವರು ಟಿವಿ ನೋಡುತ್ತಾ, ಬಹಳ ದಿನದ ಮೇಲೆ ಮುಖದಲ್ಲಿ ಕಳೆ ಬಂದಿದೆ ಎಂದರು.

ಮಾರ್ಚ್ 14, ಶುಕ್ರವಾರ — ಬೆಳಿಗ್ಗೆ

ಎರಡು ಇಂಟರ್‌ವ್ಯೂ ಇವೆ. ಮುಗಿಸಿ ಇಸ್ತ್ರಿ ವಿಭಾಗಕ್ಕೆ ಹೋಗಿ ನೋಡಬೇಕು. ಹಸಿರು ಬಟ್ಟೆ ಇರಬಾರದು. ಗೋಡೆಯಾಚೆ ರೋಲರ್ ಸದ್ದು ಒಂದೇ ಸಮನೆ

ಮಾರ್ಚ್ 19, ಬುಧವಾರ

ಮೇಲಿನ ವಾಕ್ಯ ಹಾಗೇ ಇರಲಿ. ಅದನ್ನು ಬರೆಯುತ್ತಿದ್ದಾಗಲೇ ಆ ಕೂಗು ಕೇಳಿದ್ದು.

ರೋಲರ್ ಅಕ್ಕನದಲ್ಲ. ನಗೆಮುಖರದು.

ಬಲಗೈ. ಮೂರು ಬೆರಳು ಉಳಿಯಲಿಲ್ಲ, ಅಂಗೈ ಪೂರ್ತಿ ಸುಟ್ಟಿದೆ. ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಅವರ ಹೆಂಡತಿ ಎದ್ದು ನಿಂತು ನನಗೆ ಕುರ್ಚಿ ಕೊಟ್ಟಳು. ಮೇಡಂ ಬಗ್ಗೆ ಮನೆಯಲ್ಲಿ ತುಂಬ ಹೇಳುತ್ತಿದ್ದರಂತೆ, ಇಂಥವರು ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂತ. ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಅವಳು ಔಷಧಿ ತರಲು ಹೋದಾಗ ಅವರು ಕಣ್ಣು ತೆರೆದರು.

“ಯಾರಿಗೂ ಗೊತ್ತಾಗದ ಹಾಗೆ ಅಂದ್ರಲ್ಲ ಮೇಡಂ. ನಿಲ್ಲಿಸಿದ್ರೆ ಮೆಸೇಜ್ ಹೋಗುತ್ತೆ. ಅದಕ್ಕೇ ಓಡ್ತಾ ಇರೋವಾಗ್ಲೇ ಬಿಚ್ಚೋಕೆ ಹೋದೆ.”

ಬಾಗಿಲ ಕಡೆ ನೋಡಿ ಮತ್ತೆ — “ನಾನು ಹೇಳಿದ್ದು ನಿಮ್ಮಲ್ಲೇ ಇದೆ ತಾನೆ?”

ಇದೆ ಎಂದೆ.

ಹೊರಗೆ ಬಂದು ಬಸ್ಸಿಗೂ ಕಾಯದೆ ಬಿಸಿಲಲ್ಲಿ ಮನೆಯವರೆಗೆ ನಡೆದೆ. ಮನೆಯಲ್ಲಿ ಅತ್ತೆ ತಲೆ ಒರೆಸಿ ಮಲಗಿಸಿದರು. ಡಾಕ್ಟರು ಅಂತ ಇನ್ನು ಯಾರಿಗೂ ಹೇಳಬೇಡಿ ಅಂದೆ.

ಮಾರ್ಚ್ 20, ಗುರುವಾರ

ಮಾಲೀಕರು ಎಲ್ಲರನ್ನೂ ಸೇರಿಸಿ ಮಾತಾಡಿದರು. ಅಜಾಗರೂಕತೆ. ಮೆಷಿನ್ ಓಡುವಾಗ ಕೈ ಹಾಕಿದ್ದು ಅವರದೇ ತಪ್ಪು, ಆದರೂ ಮಾನವೀಯತೆಯಿಂದ ಖರ್ಚು ನೋಡಿಕೊಳ್ಳುತ್ತೇವೆ. ಎಲ್ಲರೂ ಗೋಡೆ ನೋಡಿದರು. ನಾನೂ ನೋಡಿದೆ. ಬಿಳಿ ಗೋಡೆ, ಹಬೆಗೆ ಮೂಲೆಯಲ್ಲಿ ಬಣ್ಣ ಎದ್ದಿದೆ. ಜನ ಯಾಕೆ ಗೋಡೆ ನೋಡುತ್ತಾರೆ ಎಂದು ಇಷ್ಟು ದಿನ ಬೇರೆಯವರನ್ನು ಕೇಳುತ್ತಿದ್ದೆ.

ಮಧ್ಯಾಹ್ನ ಗುರುಗಳು ಕರೆದರು. ಬಾಗಿಲು ಮುಚ್ಚಿದರು.

“ಇಂಟರ್‌ವ್ಯೂನಲ್ಲಿ ಅವರು ಈ ಪಟ್ಟಿ ಬಗ್ಗೆ ಏನಾದ್ರೂ ಹೇಳಿದ್ರಾ?”

ಕೇಳಿ, ಲೋಟ ಎತ್ತಿಕೊಂಡು ನಿಧಾನವಾಗಿ ನೀರು ಕುಡಿದರು. ನನಗೆ ಗೊತ್ತಿರುವ ಉಪಾಯವೇ. ಗೊತ್ತಿದ್ದೂ ಎಲ್ಲ ಹೊರಗೆ ಬರುವುದರಲ್ಲಿತ್ತು — ಹಸಿರು ಬಟ್ಟೆ, ನುಂಗಿದ ವಾಕ್ಯ, ಮೆಟ್ಟಿಲ ಹತ್ತಿರ ನಾನು ಕೊಟ್ಟ ಬುದ್ಧಿವಾದ.

“ಇಲ್ಲ ಸರ್” ಎಂದೆ.

ಅವರು ನಂಬಿದರು. ನಂಬದಿದ್ದರೆ ಚೆನ್ನಾಗಿತ್ತು. ಉಳಿದ ಇಂಟರ್‌ವ್ಯೂ ನಾಳೆ ಮುಗಿಸಿ ಎಂದರು. ಒಂದನೇ ರೋಲರ್ ನಿಂತಿದೆ, ಎಲ್ಲ ಚಾದರವೂ ಈಗ ಎರಡನೆಯದರ ಮೇಲೆ, ಜನ ಸುಸ್ತಾಗಿದ್ದಾರೆ, ಹುಷಾರಾಗಿ ಮಾತಾಡಿಸಿ ಎಂದರು.

ನನಗೆ ನನ್ನದೇ ಭಯವಾಗುತ್ತಿದೆ. ಇಷ್ಟು ಸಲೀಸಾಗಿ ಬಂತಲ್ಲ ಆ ‘ಇಲ್ಲ’.

ಮಾರ್ಚ್ 21, ಶುಕ್ರವಾರ — ಹನ್ನೊಂದು ಗಂಟೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ರೋಲರ್ ಅಕ್ಕ ಬಂದಿದ್ದಳು. ಇವತ್ತು ಎರಡೂ ವಾಕ್ಯ ಹೇಳಿದೆ. ಧೈರ್ಯದಿಂದಲ್ಲ. ಇನ್ನೊಬ್ಬರ ಗುಟ್ಟು ಹೊರುವ ಶಕ್ತಿ ಇರಲಿಲ್ಲ, ಎರಡನೆಯದನ್ನು ಕೇಳಿ ಬಾಯಿ ಮುಚ್ಚಿಕೊಳ್ಳಲಿ, ಎದ್ದು ಹೋಗಲಿ ಅಂತಲೇ ಹೇಳಿದೆ. “ಯಾರ ಜೀವಕ್ಕಾದರೂ ಅಪಾಯ ಇದ್ರೆ ಮಾತ್ರ ಮೇಲಿನವರಿಗೆ ಹೇಳಲೇಬೇಕಾಗುತ್ತೆ.”

ಅವಳು ಎದ್ದಳು. ಬಾಗಿಲವರೆಗೆ ಹೋದಳು. ಅಲ್ಲೇ ನಿಂತು ಕೇಳಿದಳು —

“ಹೇಳಲೇಬೇಕಾ? ನೀವು ಬೇಡ ಅಂದ್ಕೊಂಡ್ರೂ ಹೇಳಲೇಬೇಕಾ?”

“ಹೌದು.”

ಬಾಗಿಲು ಹಾಕಿ ವಾಪಸ್ ಬಂದು ಕೂತಳು. “ಅವತ್ತು ಆ ಹಸಿರು ಬಟ್ಟೆ ನೋಡಿದ್ರಿ. ನಾವೆಲ್ಲ ಕಾಯ್ತಾ ಇದ್ವಿ ಮೇಡಂ, ನೀವು ಹೇಳ್ತೀರಿ ಅಂತ. ಈ ಮಾತು ಮೊದಲೇ ಹೇಳಿದ್ದಿದ್ರೆ ನಾನೇ ಬಂದು ಹೇಳ್ತಿದ್ದೆ. ನಿಮ್ಮಲ್ಲೇ ಇಟ್ಕೊಳ್ಳೋದಾದ್ರೆ ನಿಮಗೆ ಹೇಳಿ ಏನು ಪ್ರಯೋಜನ?”

ನಾನು ನೀರಿನ ಲೋಟ ಮುಟ್ಟಲಿಲ್ಲ.

“ಎರಡನೇ ರೋಲರ್‌ಗೂ ಬೆಳಿಗ್ಗೆ ಬಟ್ಟೆ ಕಟ್ಟಿದ್ದಾರೆ. ಹೊಸ ಸೂಪರ್‌ವೈಸರ್. ಚಾದರ ಜಾಸ್ತಿಯಾಗಿ ಅದೂ ನಿಲ್ತಾ ಇತ್ತು. ಅದೇ ಫೋನ್, ಅದೇ ಹೆದರಿಕೆ. ಈಗ ಅಲ್ಲಿ ನಿಂತಿರೋದು ನನ್ನ ತಂಗಿ.”

ಈಗಷ್ಟೇ ಎದ್ದು ಹೋದಳು. ಮಾಲೀಕರೂ ಗುರುಗಳೂ ಮೇಲಿನ ಕೋಣೆಯಲ್ಲೇ ಇದ್ದಾರೆ. ಹೋಗಿ ಎಲ್ಲಿಂದ ಶುರು ಮಾಡುವುದು? ನಿನ್ನೆಯ ‘ಇಲ್ಲ’ದಿಂದಲೇ ಶುರು ಮಾಡಬೇಕು. ಆಮೇಲೆ ವಾಕ್ಯ, ಆಮೇಲೆ ಮೆಟ್ಟಿಲು, ಆಮೇಲೆ... ಮೊದಲು ಇಲ್ಲಿ ಕ್ರಮವಾಗಿ ಬರೆದುಕೊಂಡು ಹೋದರೆ ನಾಲಿಗೆ ತಡವರಿಸುವುದಿಲ್ಲ ಅಂತ ಕೂತೆ. ಗೋಡೆಯಾಚೆ ರೋಲರ್ ಓಡುತ್ತಲೇ ಇದೆ. ನಾನು ಇಲ್ಲಿ ಕೂತು ಬರೆಯುತ್ತಿ