ಮಾವನ ಹನಿ

ಎದೆಮನೆ, ಏಳನೇ ಕೋಣೆ
ಹದಿಮೂರನೇ ತಿಂಗಳು, ಒಂಬತ್ತನೇ ತಾರೀಖು, ಇಸವಿ ಎರಡು ಸಾವಿರದ ನೂರ ಎಂಬತ್ತೇಳು

ಮಿರ್ಚಿ-ಮಂಡಕ್ಕಿ ಅಂಗಡಿಯ ಪಾಲಯ್ಯನವರಿಗೆ, ನಿಮ್ಮ ಮರಿಮಗನ ಮೊಮ್ಮಗ ಓಬಯ್ಯನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ. ಮಿಕ್ಕ ದಿನಗಳನ್ನೆಲ್ಲ ಗುಡಿಸಿ ಹದಿಮೂರನೆಯ ತಿಂಗಳು ಮಾಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅರ್ಥವಾಗಲಿಕ್ಕಿಲ್ಲ, ಕ್ಷಮಿಸಿ. ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವನು ನಾನು, ಆ ಏಳೂ ವರ್ಷ ಮೊದಲನೇ ಸಾಲಿನಲ್ಲೇ ಕೂತವನು. ಕಿಟಕಿ ಇದ್ದದ್ದು ಆ ಸಾಲಿಗೆ ಮಾತ್ರ, ಅದು ಬೇರೆ ವಿಷಯ. ಇನ್ನೊಂದು ಪೇಚು: ವಂಶದ ಪ್ರಕಾರ ನೀವು ನನಗೆ ಅಜ್ಜನ ಅಜ್ಜನಿಗೂ ಹಿರಿಯರು. ವಯಸ್ಸಿನ ಪ್ರಕಾರ ನಿಮಗಿನ್ನೂ ನಲವತ್ತೆರಡು, ನನಗೆ ಅರವತ್ತೊಂದು. ನೀವು ಎಂದೇ ಬರೆಯುತ್ತೇನೆ. ನಡುವೆ ಸಿಟ್ಟು ಬಂದು ನೀನು ಅಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ಹಿನ್ನಡೆ ಅಂಚೆಯಲ್ಲಿ ಬರುತ್ತಿದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಎದೆಮನೆಗೆ ಬಂದವರಿಗೆ ಒಂದೇ ಒಂದು ಕಾಗದದ ಅವಕಾಶ. ಬರೆದದ್ದನ್ನು ಅಳಿಸುವ ಹಾಗಿಲ್ಲ, ಹಾಳೆ ಬದಲಿಸುವ ಹಾಗಿಲ್ಲ. ಅಂಚೆಗೆ ಬೀಳುವ ಮೊದಲು ಹತ್ತಿರದ ನೆಂಟರೊಬ್ಬರು ಕೋಣೆಯ ಕಿಂಡಿಯ ಆಚೆ ನಿಂತು ಗಟ್ಟಿಯಾಗಿ ಓದಬೇಕು. ಹಿರಿಯರಿಗೆ ಯಾರೂ ಸುಳ್ಳು ಬರೆಯಬಾರದು ಅಂತ ಈ ಕಟ್ಟಳೆ. ಎಂಥ ಕಟ್ಟಳೆ ನೋಡಿ, ನನ್ನಂಥವನಿಗೇ ಹೇಳಿ ಮಾಡಿಸಿದ ಹಾಗಿದೆ.

ಎದೆಮನೆ ಅಂದರೆ ಗುಡ್ಡದ ಮೇಲಿನ ಆಸ್ಪತ್ರೆ. ಹೃದಯದ ನಾಳ ಕಟ್ಟಿಕೊಂಡವರನ್ನು ಇಲ್ಲಿಗೆ ತಂದು, ನಾಳ ಬಿಡಿಸಿ, ಇಪ್ಪತ್ತೊಂದು ದಿನ ಒಂದೇ ಕೋಣೆಯಲ್ಲಿ ಇಡುತ್ತಾರೆ. ಬಾಗಿಲಿಗೆ ಒಳಗಡೆ ಚಿಲಕವಿಲ್ಲ. ಒಂದು ಗಾಜಿನ ಕಿಟಕಿ, ಊಟ ಬರುವ ಒಂದು ಕಿಂಡಿ, ನೆಲದಲ್ಲೇ ಓಡುವ ಒಂದು ಪಟ್ಟಿ. ಗಂಟೆ ಹೊಡೆದಾಗ ಆ ಪಟ್ಟಿಯ ಮೇಲೆ ನಡೆಯಬೇಕು. ನಡೆದಷ್ಟೂ ಇದ್ದಲ್ಲೇ ಇರಬೇಕು. ಸುತ್ತಿನ ಹನ್ನೆರಡು ಹಳ್ಳಿಯಲ್ಲಿ ಬೀಸುವ ಕಲ್ಲನ್ನು ಎದೆಯ ಮೇಲಿಟ್ಟುಕೊಂಡು ಹಾಡು ಹೇಳಿದವನು ನಾನೊಬ್ಬನೇ. ಅಂಥ ಎದೆ ಈಗ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಜಾಗದಲ್ಲಿದೆ. ಇವತ್ತಿಗೆ ಹದಿನಾಲ್ಕು ದಿನ. ಗೋಡೆಯ ಬಿರುಕುಗಳಿಗೆಲ್ಲ ಹೆಸರಿಟ್ಟು ಮುಗಿಸಿದ್ದೇನೆ. ಒಂದು ಬಿರುಕಿಗೆ ನಿಮ್ಮ ಹೆಸರಿದೆ.

ನಮ್ಮ ಕಾಲದಲ್ಲಿ ಈ ರೋಗ ಬರುವುದೇ ಅಪರೂಪ. ನಿಮ್ಮ ಅಂಗಡಿಯಲ್ಲಿ ಒಂದೇ ಬಾಣಲೆ ಎಣ್ಣೆ ಬೆಳಗಿನಿಂದ ಸಂಜೆವರೆಗೆ ಕಾದೂ ಕಾದೂ ಕಪ್ಪಾಗುತ್ತಿತ್ತಂತೆ. ನಮ್ಮಲ್ಲಿ ಒಮ್ಮೆ ಕಾದ ಎಣ್ಣೆ ದೀಪಕ್ಕೆ ಹೋಗುತ್ತದೆ, ಹೊಟ್ಟೆಗಲ್ಲ. ಬೆಳಿಗ್ಗೆ ನವಣೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಹುರುಳಿ ಸಾರು, ಒಂದು ಬೊಗಸೆ ಸೊಪ್ಪು. ಶೇಂಗಾ ಒಂದು ಹಿಡಿ, ಉಪ್ಪು ಹಾಕದೆ. ಉಪ್ಪಿನ ಡಬ್ಬಿಗೆ ಬೀಗವಿದೆ, ಬೀಗದ ಕೈ ಮನೆಯ ಹಿರೀ ಹೆಂಗಸಿನ ಸೆರಗಿನಲ್ಲಿ. ರಾತ್ರಿ ಉಂಡ ಮೇಲೆ ಇಡೀ ಬೀದಿ ಎದ್ದು ಕೆರೆ ಏರಿಯ ತುದಿವರೆಗೆ ನಡೆದು ಬರುತ್ತದೆ. ಜಗಳವಾಡಿಕೊಂಡ ವಾರಗಿತ್ತಿಯರೂ ಹೋಗುತ್ತಾರೆ, ಮುಖ ಮಾತ್ರ ಆ ಕಡೆ ಈ ಕಡೆ. ಬೀಡಿ ಅಂದರೇನು ಅಂತ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕು. ಹಿಟ್ಟಿನ ಗಿರಣಿಯ ಕಟ್ಟೆಯಲ್ಲಿ ಒಂದು ತೋಳುಚೀಲ ತೂಗುಹಾಕಿದ್ದಾರೆ: ರಾಗಿ ಬೀಸುವಷ್ಟು ಹೊತ್ತಿನಲ್ಲಿ ಕೈ ತೂರಿಸಿದರೆ ರಕ್ತದೊತ್ತಡ ಹೇಳುತ್ತದೆ. ದರ್ಜಿ ಅಂಗಿಗೆ ಅಳತೆ ತೆಗೆಯುವಾಗ ಸೊಂಟದ ಸುತ್ತಳತೆಯನ್ನೂ ಬರೆದಿಟ್ಟು, ಹೋದ ವರ್ಷಕ್ಕಿಂತ ಎರಡು ಬೆರಳು ಹೆಚ್ಚಾಗಿದ್ದರೆ ಎಲ್ಲರೆದುರು ಕೂಗುತ್ತಾನೆ. ನಾನು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದರಲ್ಲಿ ಪಳಗಿದವನು, ನನ್ನ ಹೆಸರನ್ನು ಅವನು ಒಂದು ಸಲವೂ ಕೂಗಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಮಾವನ ಹನಿ. ನಿಮ್ಮ ಕಾಲದಲ್ಲಿ ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಿದ್ದಿರಲ್ಲ, ಅದೇ ಬೆಳೆದು ಹೀಗಾಗಿದೆ. ಮಗುವಿಗೆ ಹತ್ತು ತುಂಬಿದಾಗ ತಂದೆಯ ಒಂದು ಹನಿ ರಕ್ತ, ತಾಯಿಯ ಕಡೆಯಿಂದ ಸೋದರಮಾವನ ಒಂದು ಹನಿ. ಹಿಂದಿನ ಸಂಜೆ ಮನೆಯಲ್ಲೇ ಬೆರಳು ಚುಚ್ಚಿ ಹನಿಕಾಗದದ ಮೇಲೆ ಒಣಗಿಸಿ, ಮಾರನೇ ದಿನ ಶಾಲೆಯ ಅಂಗಳಕ್ಕೆ ತರಬೇಕು. ಯಂತ್ರ ಅದರಲ್ಲಿನ ಕೆಟ್ಟ ಕೊಬ್ಬಿನ ಅಂಕಿ ಹೇಳುತ್ತದೆ. ಕೆಲವು ಮನೆತನಗಳಲ್ಲಿ ಆ ಕೊಬ್ಬು ಹುಟ್ಟಿನಿಂದಲೇ ಏರಿರುತ್ತದೆ. ಅಂಥವರಿಗೆ ನವಣೆ ತಿಂದರೂ ಸಾಲದು, ಕೆರೆ ಏರಿ ಸುತ್ತಿದರೂ ಸಾಲದು, ಚಿಕ್ಕಂದಿನಿಂದ ದಿನಕ್ಕೊಂದು ಮಾತ್ರೆ ಬೇಕು. ಮಾತ್ರೆ ತಗೊಂಡರೆ ಎಲ್ಲರಂತೆ ನೂರು ವರ್ಷ ಬಾಳಬಹುದು. ಎರಡೂ ಹನಿ ಸರಿಯಿದ್ದರೆ ಮಗುವಿಗೆ ಸೂಜಿಯೇ ಇಲ್ಲ. ಮಣಿಕಟ್ಟಿಗೆ ಹಸಿರು ದಾರ ಕಟ್ಟುತ್ತಾರೆ, ನಲವತ್ತರವರೆಗೆ ಯಾರೂ ಕೇಳುವುದಿಲ್ಲ. ಅಂಕಿ ಎದೆಪುಸ್ತಕದಲ್ಲಿ ಸೇರುತ್ತದೆ. ಮನೆತನಕ್ಕೊಂದು ಪುಸ್ತಕ, ಯಾರ ಎದೆ ಹೇಗಿತ್ತು, ಯಾರು ಯಾವುದರಿಂದ ಹೋದರು ಎಂಬ ದಾಖಲೆ. ನಮ್ಮ ಪುಸ್ತಕದ ಮೊದಲ ಪುಟ ನಿಮ್ಮದು. ಅದರಲ್ಲಿರುವುದು ಇಷ್ಟೇ: ಪಾಲಯ್ಯ, ನಲವತ್ತಮೂರು ವರ್ಷ, ಗ್ಯಾಸು.

ಗ್ಯಾಸು! ಎದೆ ಹಿಂಡಿ, ಎಡಗೈ ಜೋಮು ಹಿಡಿದು, ಬೆವರು ಕಿತ್ತು ಬಂದರೂ ಸೋಡಾ ಕುಡಿದು ಮಲಗಿದ್ದಿರಂತೆ, ನಿಮಗಿನ್ನೂ ಬರುವ ವರ್ಷ ಆಗಬೇಕಾದದ್ದು ಇದು. ನಿಮ್ಮನ್ನು ನೋಡಿ ಕಲಿತ ಮುಂದಿನವರೂ ಬರೆದರು: ಒಬ್ಬರಿಗೆ ಉಷ್ಣ, ಒಬ್ಬರಿಗೆ ದೃಷ್ಟಿ, ಒಬ್ಬರಿಗೆ ಸುಸ್ತು. ಹೃದಯ ಎಂಬ ಮೂರಕ್ಷರ ಬರೆಯಲು ನಮ್ಮ ಮನೆತನದಲ್ಲಿ ಯಾರಿಗೂ ಕೈ ಬರಲಿಲ್ಲ.

ನಿಮ್ಮನ್ನು ಬೈದದ್ದು ಸಾಕು. ಈಗ ನನ್ನ ಸರದಿ.

ನನ್ನ ತಂಗಿ ಹಾವು ಕಚ್ಚಿ ಹೋದಾಗ ಅವಳ ಮಗಳು ಬೊಮ್ಮಕ್ಕನಿಗೆ ನಾಲ್ಕು ವರ್ಷ. ತಾಯಿಯ ಕಡೆಯಿಂದ ಹನಿ ಕೊಡಲು ಉಳಿದವನು ನಾನೊಬ್ಬನೇ. ಅವಳಿಗೆ ಹತ್ತು ತುಂಬುವ ವಾರ, ಏನೋ ಅಳುಕಾಗಿ, ದೂರದ ಊರಿನ ಯಂತ್ರದಲ್ಲಿ ಬೇರೆ ಹೆಸರು ಹೇಳಿ ಬೆರಳು ಚುಚ್ಚಿಸಿಕೊಂಡೆ. ಬಂದ ಅಂಕಿ ಈ ಕಾಗದದ ಕೊನೆಯಲ್ಲಿ ಬರೆಯುತ್ತೇನೆ, ಈಗ ಕೈ ಏಳುತ್ತಿಲ್ಲ. ಮನೆಗೆ ಬಂದರೆ ಹುಡುಗಿ ಬಾಗಿಲಲ್ಲೇ ಕಾಲು ಹಿಡಿದುಕೊಂಡಳು. "ಮಾವ, ನಂಗೆ ಸೂಜಿ ಬ್ಯಾಡ. ನಿನ್ನೆದೆ ಕಲ್ಲು ಅಲ್ವಾ, ನಿಂದು ಚೆನ್ನಾಗಿದ್ರೆ ನಂಗೆ ಚುಚ್ಚಲ್ಲಂತೆ." ಸಂಜೆ ನನ್ನ ಹನಿಕಾಗದ ತಗೊಂಡು ಗೆಳೆಯ ಸೂರಯ್ಯನ ಮನೆಗೆ ಹೋದೆ. ಅವನು ಬೆರಳು ಮುಂದೆ ಮಾಡಿ ಕೇಳಿದ, "ಲೇ ಓಬ, ಇದು ತಮಾಷೆಗೋ?" ನಾನು ಅಂದೆ, "ತಮಾಷೆಗೇ ಕಣೋ, ಯಂತ್ರ ಕಂಡುಹಿಡಿಯುತ್ತೋ ನೋಡಾಣ." ನನ್ನ ಕಾಗದದ ಮೇಲೆ ಒಣಗಿದ್ದು ಅವನ ಹನಿ, ಯಂತ್ರ ಕಂಡುಹಿಡಿಯಲಿಲ್ಲ. ಕಾಗದ ಯಾರದು ಅಂತ ಸೋದರಮಾವನನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅವಮಾನ. ಅವಳ ಅಪ್ಪನ ಹನಿ ಸರಿಯಾಗೇ ಇತ್ತು, ನನ್ನದು ತೊಂಬತ್ತೆರಡು ಅಂತ ಕೂಗಿದರು, ಅಂಗಳವೆಲ್ಲ ಚಪ್ಪಾಳೆ, ಅವಳ ಕೈಗೆ ಹಸಿರು ದಾರ. ಹುಡುಗಿಯ ಅಳುವಿಗಾಗಿ ಅರ್ಧ, ನನ್ನ ಮೀಸೆಗಾಗಿ ಅರ್ಧ, ಹೀಗೆ ಮಾಡಿದೆ. ನಿಜ ಹೇಳಬೇಕೆಂದರೆ ಮೀಸೆಯ ಪಾಲೇ ಸ್ವಲ್ಪ ಹೆಚ್ಚು. ಆಮೇಲಿನ ಎರಡು ಸಲದ ಪರೀಕ್ಷೆಗೂ ಸೂರಯ್ಯನೇ ನನ್ನ ಕಾಗದ ತುಂಬಿದ.

ಹದಿನಾಲ್ಕು ದಿನದ ಹಿಂದೆ ಗಿರಣಿಯ ಮುಂದೆ, ಅದೇ ಬೀಸುವ ಕಲ್ಲು ಎತ್ತಿ ತೋರಿಸಲು ಹೋಗಿ ಬಿದ್ದೆ. ಮೂರು ನಾಳ ಕಟ್ಟಿದ್ದವಂತೆ. ಎಚ್ಚರವಾದಾಗ ಡಾಕ್ಟರಮ್ಮ ಜುಲೇಖಾ ನಮ್ಮ ಎದೆಪುಸ್ತಕ ಹಿಡಿದು ನಿಂತಿದ್ದರು. "ಓಬಯ್ಯನವರೇ, ಪುಸ್ತಕದಲ್ಲಿ ಮೂರು ಸಲವೂ ತೊಂಬತ್ತರ ಆಸುಪಾಸು ಇದೆ. ಈಗ ನೋಡಿದರೆ ಆಕಾಶ ಮುಟ್ಟಿದೆ. ಇದು ಹುಟ್ಟಿನಿಂದ ಬಂದದ್ದಾದರೆ ನಿಮ್ಮ ತಂಗಿಯ ಮಗಳನ್ನು ಇವತ್ತೇ ಪರೀಕ್ಷೆ ಮಾಡಬೇಕು. ನೆನಪು ಮಾಡಿಕೊಂಡು ಹೇಳಿ." ಪಕ್ಕದಲ್ಲೇ ಬೊಮ್ಮಕ್ಕ ನಿಂತಿದ್ದಳು. ನಾನು ಹಲ್ಲು ಕಿರಿದು, "ಎಲ್ಲಾ ಈಚೆಗೆ ಕದ್ದು ತಿಂದ ಬಜ್ಜಿ ಕಣಮ್ಮಾ" ಅಂದೆ. ಎಲ್ಲರೂ ನಕ್ಕರು. ಬೊಮ್ಮಕ್ಕ ತಲೆ ಚಚ್ಚಿಕೊಂಡು, "ಅರವತ್ತಾದರೂ ಬುದ್ಧಿ ಬರಲಿಲ್ಲ ನಮ್ಮ ಮಾವನಿಗೆ" ಅಂದಳು. ಅವಳಿಗೀಗ ಮೂವತ್ತನಾಲ್ಕು. ಹಸಿರು ದಾರ ಮಣಿಕಟ್ಟಿನಲ್ಲೇ ಇದೆ, ಬಣ್ಣ ಮಾಸಿದಾಗಲೆಲ್ಲ ಹೊಸದು ಕಟ್ಟಿಸಿಕೊಳ್ಳುತ್ತಾಳೆ.

ಈ ಗುಡ್ಡಕ್ಕೆ ನೂರ ಎಂಟು ಮೆಟ್ಟಿಲು. ದಿನಾ ಮಧ್ಯಾಹ್ನ ಉಪ್ಪಿಲ್ಲದ ಸಾರಿನ ಬುತ್ತಿ ಹೊತ್ತು ಅವಳು ಹತ್ತಿ ಬರುವುದು ನನ್ನ ಕಿಟಕಿಗೆ ಕಾಣುತ್ತದೆ. ಮೊದಲ ವಾರ ಒಂದೇ ಉಸಿರಿಗೆ ಬರುತ್ತಿದ್ದಳು. ಮೊನ್ನೆ ಅರವತ್ತನೆಯ ಮೆಟ್ಟಿಲ ತಿರುವಿನಲ್ಲಿ ನಿಂತಳು. ನಿನ್ನೆ ನಲವತ್ತಕ್ಕೇ ನಿಂತಳು, ಬುತ್ತಿ ಕೆಳಗಿಟ್ಟಳು, ದವಡೆ ಒತ್ತಿ ಹಿಡಿದುಕೊಂಡಳು. ಎದೆಯ ನೋವು ದವಡೆಗೂ ಏರುತ್ತದೆ ಅಂತ ಇಲ್ಲಿಗೆ ಬಂದ ಮೇಲೆ ತಿಳಿದವನು ನಾನು. ನಾನು ಗಾಜಿಗೆ ಬಡಿದೆ, ಕೂಗಿದೆ. ಈ ಗಾಜು ಶಬ್ದ ದಾಟಿಸುವುದಿಲ್ಲ. ಬಾಗಿಲಿಗೆ ಹೋದೆ, ಚಿಲಕವಿಲ್ಲ. ಪಟ್ಟಿಯ ಮೇಲೆ ನಿಂತೆನೋ ಏನೋ, ಅದು ಓಡತೊಡಗಿತು, ನಾನೂ ಓಡಿದೆ, ಎಲ್ಲಿಗೂ ಹೋಗಲಿಲ್ಲ. ಹತ್ತು ನಿಮಿಷದ ಮೇಲೆ ಕಿಂಡಿಗೆ ಬಂದವಳನ್ನು ಕೇಳಿದರೆ, ಹಣೆಯ ಬೆವರು ಒರೆಸಿಕೊಂಡು ನಕ್ಕಳು. "ಏನಿಲ್ಲ ಮಾವ. ನಮ್ಮ ಪಾಲಯ್ಯಜ್ಜನಿಗೆ ಬಂದಿತ್ತಲ್ಲ, ಗ್ಯಾಸು, ಅದೇ ಇರಬೇಕು."

ಅವಳ ಪಾಲಿಗೆ ಅದು ತಮಾಷೆ. ನನ್ನ ಪಾಲಿಗಲ್ಲ. ಹೇಳಬೇಕಾದದ್ದು ಒಂದೇ ಒಂದು ಮಾತು. ಅದನ್ನು ಹೇಳಿದರೆ ಇಪ್ಪತ್ನಾಲ್ಕು ವರ್ಷದಿಂದ ಅವಳು ಊರಿಗೆಲ್ಲ ಹೊಗಳಿದ ಮಾವ ಸತ್ತುಹೋಗುತ್ತಾನೆ. ಹೇಳದಿದ್ದರೆ ಯಾರಿಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಅವಳು ಬುತ್ತಿ ಕೊಟ್ಟು ಇಳಿದು ಹೋಗುವವರೆಗೂ ಉಪ್ಪು ಸಾಲದು, ಹುಳಿ ಸಾಲದು ಅಂತ ಗೊಣಗಿದೆ. ಈ ಕೋಣೆಗಿಂತ ನನ್ನ ಬಾಯಿಗೇ ಗಟ್ಟಿ ಬೀಗ ಬಿದ್ದಿತ್ತು. ಅವಳು ಹೋದ ಮೇಲೆ ಕಾಗದ ಕೇಳಿ ಇಸಿದುಕೊಂಡೆ.

ಪಾಲಯ್ಯನವರೇ, ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಈ ಕಾಗದ ಕೈಗೆ ಬಂದ ದಿನ ಬಾಣಲೆ ಇಳಿಸಿ. ಅಂಗಡಿ ಒಂದು ದಿನ ಮುಚ್ಚಿದರೆ ಊರೇನೂ ಹಸಿದು ಮಲಗುವುದಿಲ್ಲ. ನಿಮ್ಮೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಒತ್ತಡ ನೋಡಿಸಿ, ಸಕ್ಕರೆ ನೋಡಿಸಿ, ಕೊಬ್ಬು ನೋಡಿಸಿ. ಬೀಡಿ ಬಿಡಿ. ಮಾತ್ರೆ ಕೊಟ್ಟರೆ ನುಂಗಿ, ಮೈ ಹಗುರಾಯಿತು ಅಂತ ನಡುವೆ ನಿಲ್ಲಿಸಬೇಡಿ. ಎದೆ ಹಿಂಡಿದರೆ ಸೋಡಾ ಅಂಗಡಿ ಹುಡುಕಬೇಡ, ಡಾಕ್ಟರನ್ನು ಹುಡುಕು ಮಾರಾಯ. ನೋಡಿ, ನೀನು ಅಂದುಬಿಟ್ಟೆ. ಬಂದ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಸ್ವಂತ ಹೆಸರಿನಲ್ಲಿ ಬರೆದು, ಹೆಂಡತಿ ಮಕ್ಕಳೆದುರು ಓದಿ. ಮೊದಲ ಪುಟ ನಿಜ ಹೇಳಿದರೆ ಉಳಿದ ಪುಟಗಳಿಗೂ ಧೈರ್ಯ ಬಂದೀತು.

ಇನ್ನು ಮುಂದಿನದು ನಿಮಗಲ್ಲ. ಕಿಂಡಿಯ ಆಚೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತಿರುವವಳಿಗೆ.

ಬೊಮ್ಮಕ್ಕಾ, ನಿನ್ನ ದನಿ ಎಷ್ಟೋ ಸಾಲಿನ ಹಿಂದೆಯೇ ನಿಂತಿರಬೇಕು. ಬೈಯುವುದು ಆಮೇಲೆ ಬೈಯಿ, ನನ್ನನ್ನು ಇನ್ನೂ ಏಳು ದಿನ ಇಲ್ಲೇ ಕೂಡಿಹಾಕಿರುತ್ತಾರೆ, ಓಡಿಹೋಗಲು ದಾರಿಯಿಲ್ಲ. ಮೆಟ್ಟಿಲಿಳಿಯಬೇಡ. ಬುತ್ತಿ ಕೆಳಗಿಡು, ಅಲ್ಲೇ ಗೋಡೆಗೊರಗಿ ಕೂತುಕೋ. ಬಲಗಡೆ ಕೆಂಪು ಹಗ್ಗವಿದೆ, ಎಳೆ, ಡಾಕ್ಟರಮ್ಮ ಬರುತ್ತಾರೆ. ಅವರಿಗೆ ಹೇಳು: ಮೂವತ್ತೇಳನೇ ವಯಸ್ಸಿನಲ್ಲಿ ನನ್ನ ಹನಿ ಇನ್ನೂರ ಮೂವತ್ತನಾಲ್ಕು. ಅದು ನನ್ನದೇ. ನಿನ್ನ ಅವ್ವನಿಗೂ ಇತ್ತೇನೋ, ನಿನಗೂ ಇದ್ದೀತು. ಇದ್ದರೆ ಅದಕ್ಕೆ ಔಷಧಿ ಇದೆ, ಇನ್ನೂ ಹೊತ್ತು ಮೀರಿಲ್ಲ. ಕಾಗದ ಅಂಚೆಗೆ ನಾಳೆ ಹೋದರೂ ನಡೆಯುತ್ತದೆ, ಪಾಲಯ್ಯಜ್ಜ ನೂರೈವತ್ತು ವರ್ಷದಿಂದ ಕಾದಿದ್ದಾನೆ.

ಮೊದಲು ಹಗ್ಗ ಎಳೆ. ಆಮೇಲೆ ಆ ಹಸಿರು ದಾರ. ಗಂಟು ಬಿಚ್ಚಲು ಬಾರದಿದ್ದರೆ ಕೈ ಕಿಂಡಿಯೊಳಗೆ ಚಾಚು, ಹಲ್ಲಿನಿಂದ ನಾನೇ ಕಡಿಯುತ್ತೇನೆ. ನನ್ನ ಹಲ್ಲು ಇನ್ನೂ ಮೂವತ್ತೆರಡೂ ಗಟ್ಟಿ ಇವೆ. ಆ ಒಂದು ಜಂಬ ನಿಜ.